ಮುಂಬೈಯಲ್ಲಿ ಹಳೇ ಕಸೂತಿ ಇಳಕಲ್ ಹುಡುಕುತ್ತಿರುವವರಿಗೆ

ಎರಡು ದಿನ ಮಂಗಲ್‌ದಾಸ್ ಮಾರ್ಕೆಟ್ ಸುತ್ತಿದರೂ ಹಳೇ ಇಳಕಲ್ ಸೀರೆ ಸಿಗಲಿಲ್ಲ ಅಂತ ಬರೆದಿದ್ದೀರಿ, ಒಂದು ಸೀರೆಯ ಫೋಟೋ ಹಾಕಿ ಅದು ಕೈಕಸೂತಿಯೇ ಅಂತಲೂ ಕೇಳಿದ್ದೀರಿ. ಸಿಗದಿರಲು ಕಾರಣ ಇಷ್ಟೇ: ಅದು ಹೊಸ ಬಟ್ಟೆಯ ಪೇಟೆ. ಹಳೇ ಸಾಮಾನಿನ ಪೇಟೆಯಾದ ಚೋರ್ ಬಾಜಾರಿನ ಮಟನ್ ಸ್ಟ್ರೀಟ್‌ಗೆ ಹೋಗಿ. ಶುಕ್ರವಾರ ಅಲ್ಲಿನ ಅಂಗಡಿಗಳು ಮುಚ್ಚಿರುತ್ತವೆ. ಆದರೆ ಅವತ್ತು ನಸುಕಿನಲ್ಲಿ ಬೀದಿಯಲ್ಲೇ ಹರಡಿ ಮಾರುವ ಸಂತೆ ಇರುತ್ತದೆ. ಪುಣೆಗೆ ಹೋಗುವುದಾದರೆ ಭಾನುವಾರ ಇಲ್ಲವೇ ಬುಧವಾರ ಹಳೇ ಸಾಮಾನಿನ ಸಂತೆ ಜುನಾ ಬಾಜಾರ್ ನೋಡಿ (ಅದು ಇರುವ ಬಡಾವಣೆಯ ಹೆಸರು ಮಾತ್ರ ಮಂಗಳವಾರ ಪೇಠ್!). ಮರಾಠಿಯವರ ಬಾಯಲ್ಲಿ ಇಳಕಲ್ ಅಂದರೆ ‘ಇರಕಲ್’, ಹಾಗೇ ಕೇಳಿ. ಒಂದೇ ಸಲಕ್ಕೆ ಸಿಕ್ಕೇಬಿಡುತ್ತದೆ ಅಂತ ಮಾತ್ರ ಹೇಳಲಾರೆ.

ಸೀರೆ ಕೈಗೆ ಬಂದ ಕೂಡಲೇ ಬೆಲೆ ಕೇಳಬೇಡಿ, ತಿರುಗಿಸಿ ನೋಡಿ. ಕೈಕಸೂತಿಯ ಗವಂತಿ (ಗೆರೆಯಂಥ ಹೊಲಿಗೆ), ಮುರ್ಗಿ (ಮೆಟ್ಟಿಲಿನಂಥ ಹೊಲಿಗೆ) ಎರಡೂ ಬದಿ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಹಿಂದೆ ಬಾಬಿನ್ ದಾರ, ಕಾಗದದಂಥ ಪಟ್ಟಿ ಕಂಡರೆ ಮಷೀನಿನದು. ಕಸೂತಿಯ ಇನ್ನೆರಡು ಬಗೆಯಾದ ನೇಗಿ, ಮೆಂತಿ ಹೊಲಿಗೆಗೆ ಈ ಎರಡು ಬದಿಯ ಪರೀಕ್ಷೆ ನಡೆಯದು. ನಿಮ್ಮ ಫೋಟೋದಲ್ಲಿ ಹಿಂಬದಿಯೇ ಇಲ್ಲ, ಹಾಗಾಗಿ ಅದು ಕೈಯದೋ ಅಲ್ಲವೋ ಹೇಳುವುದು ಕಷ್ಟ.

ಆಮೇಲೆ ಸೆರಗು ಒಡಲಿಗೆ ಸೇರುವ ಗೆರೆ ನೋಡಿ. ಇಳಕಲ್‌ನಲ್ಲಿ ಅಲ್ಲಿ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಹೊಲಿಗೆ ಇದ್ದರೆ ಎರಡು ಸೀರೆಯ ತುಂಡು ಸೇರಿಸಿದ್ದಿರಬಹುದು. ಕೊನೆಗೆ ಬಿಸಿಲಿಗೆ ಹಿಡಿದು ಮಡಿಕೆಗಳನ್ನು ನೋಡಿ. ಹಳೇ ರೇಷ್ಮೆ ಸೀಳುವುದು ಅಲ್ಲೇ. ಸೀಳಿದ್ದರೆ ಉಡಲು ಬಾರದು, ಸೆರಗಿನ ಲೆಕ್ಕಕ್ಕಷ್ಟೇ ಚೌಕಾಶಿ ಮಾಡಿ.