ಅಫ್ಘಾನಿಸ್ತಾನದ ಸಹಪಾಠಿ ಭಾರತದಲ್ಲಿ ಆಶ್ರಯ ಕೇಳಬಹುದೇ?

ಮೈಸೂರಿನಲ್ಲಿ ನಿಮ್ಮ ಜೊತೆ ಎಂ.ಎಸ್ಸಿ. ಓದುತ್ತಿರುವ ಅಫ್ಘಾನ್ ಹುಡುಗಿಯ ವೀಸಾ ಸದ್ಯದಲ್ಲೇ ಮುಗಿಯುತ್ತದೆ, ತಂದೆ ಹಿಂದಿನ ಸರ್ಕಾರದಲ್ಲಿ ಕೆಲಸ ಮಾಡಿದ್ದರಿಂದ ವಾಪಸ್ ಹೋಗುವ ಹಾಗಿಲ್ಲ, ಇಲ್ಲೇ ಆಶ್ರಯ ಕೇಳಬಹುದಾ ಅಂತ ಕೇಳಿದ್ದೀರಿ. ಕೇಳಬಹುದು. ನಾನು ಬೆಂಗಳೂರಿನಲ್ಲಿ ವಕೀಲೆ, ಇಂಥ ವಿದ್ಯಾರ್ಥಿಗಳ ಅರ್ಜಿ ಕೆಲಸ ಮಾಡುತ್ತೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ವೀಸಾ ಮುಗಿಯುವ ತನಕ ಕಾಯಬೇಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಬೇರೆ ಕಾನೂನೂ ಇಲ್ಲ. ವೀಸಾ ಮುಗಿದ ಮರುದಿನದಿಂದ ಅವರು ಅವಧಿ ಮೀರಿ ಉಳಿದ ವಿದೇಶಿ ಅಷ್ಟೇ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಅದಕ್ಕೆ ಜೈಲು, ದಂಡ ಎರಡೂ ಇವೆ. ಹಾಗಾಗಿ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ವಿಸ್ತರಣೆಗೆ ಈಗಲೇ ಅರ್ಜಿ ಹಾಕಿಸಿ. ಪಿಎಚ್‌.ಡಿ.ಗೋ ಬೇರೆ ಕೋರ್ಸ್‌ಗೋ ಸೀಟು ಸಿಗುವ ಹಾಗಿದ್ದರೆ ಆ ದಾರಿಯನ್ನೂ ಬಿಡಬೇಡಿ. ವೀಸಾ ಇದ್ದವರು ಆಶ್ರಯ ಕೇಳಬಾರದು ಅಂತೇನಿಲ್ಲ.

ಆಶ್ರಯದ ಅರ್ಜಿ ನೋಡುವುದು ದೆಹಲಿಯಲ್ಲಿರುವ ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ನಮ್ಮ ಬೈಲುಕುಪ್ಪೆ, ಮುಂಡಗೋಡು ನೋಡಿದವರು ಸರ್ಕಾರವೇ ಜಾಗ ಕೊಡುತ್ತದೆ ಅಂದುಕೊಳ್ಳುತ್ತಾರೆ. ಟಿಬೆಟಿಯನ್ನರನ್ನು, ಶ್ರೀಲಂಕಾ ತಮಿಳರನ್ನು ಸರ್ಕಾರ ನೇರವಾಗಿ ನೋಡಿಕೊಳ್ಳುತ್ತದೆ, ನಿಜ. ಅಫ್ಘಾನಿಸ್ತಾನ, ಸುಡಾನ್, ಸೊಮಾಲಿಯಾ ಕಡೆಯವರಿಗೆ ಆ ವ್ಯವಸ್ಥೆ ಇಲ್ಲ. ಸಿಎಎ, ಅಂದರೆ ಪೌರತ್ವ ತಿದ್ದುಪಡಿ ಕಾಯ್ದೆ ಕೂಡ 2014ರ ಡಿಸೆಂಬರ್ 31ರೊಳಗೆ ಬಂದ ಮುಸ್ಲಿಮೇತರರಿಗೆ ಮಾತ್ರ.

ಮೊದಲು ಹೆಸರು ನೋಂದಾಯಿಸಬೇಕು. ಅರ್ಜಿ ವಿಚಾರಣೆಯಲ್ಲಿದೆ ಅಂತ ಒಂದು ಪತ್ರ ಕೊಡುತ್ತಾರೆ. ಆಮೇಲೆ ಸಂದರ್ಶನ. ದಿನ ಗೊತ್ತಾಗುವುದಕ್ಕೇ ತುಂಬ ಸಮಯ ಹಿಡಿಯಬಹುದು. ಒಪ್ಪಿದರೆ ನಿರಾಶ್ರಿತರ ಕಾರ್ಡ್, ಒಪ್ಪದಿದ್ದರೆ ಮೇಲ್ಮನವಿ. ಇದಕ್ಕೆಲ್ಲ ಒಂದು ರೂಪಾಯಿ ಶುಲ್ಕವೂ ಇಲ್ಲ. ಕಾರ್ಡ್ ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ.

ಎಲ್ಲ ನಿಂತಿರುವುದು ಸಂದರ್ಶನದ ಮೇಲೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದ್ದು, ಈ ಐದರಲ್ಲಿ ಒಂದು ಕಾರಣಕ್ಕೆ ತನಗೆ ಕಿರುಕುಳದ ಭಯ ಇದೆ, ಆ ಭಯಕ್ಕೆ ಆಧಾರ ಇದೆ ಅಂತ ತೋರಿಸಬೇಕು. ಊರು ಬಿಡುವಾಗ ಅಪಾಯ ಇರಲೇಬೇಕು ಅಂತಿಲ್ಲ. ಓದಲು ಬಂದ ಮೇಲೆ ಅಲ್ಲಿ ಪರಿಸ್ಥಿತಿ ಕೆಟ್ಟರೂ ಆಶ್ರಯ ಕೇಳಬಹುದು. ಇದು ಗೊತ್ತಿಲ್ಲದೆ ಎಷ್ಟೋ ವಿದ್ಯಾರ್ಥಿಗಳು ಸುಮ್ನೆ ಕೂತುಬಿಡುತ್ತಾರೆ.

"ಹೋದರೆ ನಮ್ಮನ್ನು ಬಿಡಲ್ಲ" ಅಂದರೆ ಸಾಲದು. ಯಾರು ಬಂದರು, ಯಾವ ಮನೆಗೆ, ಏನು ಹೇಳಿದರು, ಆಗ ಮನೆಯಲ್ಲಿ ಯಾರಿದ್ದರು, ಇದೆಲ್ಲ ಬೇಕು. ತಾನು ಕಣ್ಣಾರೆ ಕಂಡದ್ದು ಯಾವುದು, ಅಮ್ಮ ಫೋನಿನಲ್ಲಿ ಹೇಳಿದ್ದು ಯಾವುದು ಅಂತ ಬೇರೆ ಮಾಡಿ ಹೇಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲಿ. ಬೇರೆಯವರಿಗೆ ಕಾರ್ಡ್ ತಂದುಕೊಟ್ಟ ಕಥೆಯನ್ನು ಬಾಯಿಪಾಠ ಮಾಡಿ ಹೋದರೆ ಅವರ ಸ್ವಂತ ಸಂಕಟಕ್ಕೂ ಬೆಲೆ ಇಲ್ಲದಂತಾಗುತ್ತದೆ.

ತಾರೀಖುಗಳ ಮೇಲೆ ಜಾಸ್ತಿ ಗಮನ ಇರಲಿ. ಅಫ್ಘಾನ್ ಕ್ಯಾಲೆಂಡರೇ ಬೇರೆ. ಕಾಬೂಲ್ ತಾಲಿಬಾನ್ ಕೈಸೇರಿದ 2021ರ ಆಗಸ್ಟ್ 15 ಅವರ ಲೆಕ್ಕದಲ್ಲಿ 1400ರ ಅಸದ್ 24. ಅಣ್ಣನನ್ನು ಹಿಡಿದುಕೊಂಡು ಹೋದ ದಿನವನ್ನು ಅರ್ಜಿಯಲ್ಲಿ ಒಂದು ಲೆಕ್ಕದಲ್ಲಿ ಬರೆದು, ಸಂದರ್ಶನದಲ್ಲಿ ಇನ್ನೊಂದರಲ್ಲಿ ಹೇಳಿ, ತಿಂಗಳುಗಳು ಹೊಂದದೆ ಹೋದರೆ ನಿಜ ಹೇಳಿದವರ ಮೇಲೂ ಅನುಮಾನ ಬರುತ್ತದೆ. ನಾನು ಕಾಗದದಲ್ಲಿ ಎರಡು ಸಾಲು ಹಾಕಿಸುತ್ತೇನೆ. ಎಡಕ್ಕೆ ಅವರ ತಾರೀಖು, ಬಲಕ್ಕೆ ನಮ್ಮದು. ಪಾಸ್‌ಪೋರ್ಟ್ ಜೊತೆಗೂ ತಾಳೆ ನೋಡುತ್ತೇನೆ. ನೀವೂ ಒಂದು ಸಂಜೆ ಕೂತು ಇದನ್ನು ಮಾಡಿಸಿ. ದರಿ ಅಥವಾ ಪಶ್ತೋ ದುಭಾಷಿ ಬೇಕು ಅಂತ ಕೇಳಬಹುದು, ಹೆಣ್ಣುಮಕ್ಕಳೇ ಸಂದರ್ಶನ ಮಾಡಲಿ ಅಂತಲೂ ಕೇಳಬಹುದು. ಹೇಳಿದ ಮಾತು ಅವರ ದೇಶದ ಸರ್ಕಾರಕ್ಕೆ ಹೋಗುವುದಿಲ್ಲ.

ಕಾರ್ಡ್ ಸಿಕ್ಕರೂ ಅದು ವೀಸಾ ಅಲ್ಲ, ಕೆಲಸ ಮಾಡಲು ಅನುಮತಿಯೂ ಅಲ್ಲ. ಹಣದ ಸಹಾಯ ತೀರಾ ಕಷ್ಟದಲ್ಲಿರುವ ಕೆಲವರಿಗೆ ಮಾತ್ರ. ಆದರೂ ಕಾರ್ಡ್ ಇರಲೇಬೇಕು. ಸಂವಿಧಾನದ 21ನೇ ವಿಧಿ ಇಲ್ಲಿರುವ ಪ್ರತಿಯೊಬ್ಬರ ಜೀವಕ್ಕೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಹೇಳಿದೆ. 2021ರಲ್ಲಿ ಮಣಿಪುರ ಹೈಕೋರ್ಟ್, ಮ್ಯಾನ್ಮಾರ್‌ನಿಂದ ಬಂದ ಏಳು ಜನರಿಗೆ ದೆಹಲಿಯ ಯುಎನ್‌ಎಚ್‌ಸಿಆರ್‌ಗೆ ಹೋಗಲು ದಾರಿ ಮಾಡಿಕೊಟ್ಟಿತು. ಆದರೆ ಅದೇ ವರ್ಷ ರೋಹಿಂಗ್ಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಡೀಪಾರನ್ನು ಪೂರ್ತಿ ತಡೆಯಲಿಲ್ಲ, ಕಾನೂನುಬದ್ಧ ವಿಧಾನದಲ್ಲೇ ಮಾಡಬೇಕು ಅಂದಿತು ಅಷ್ಟೇ. ಅದಕ್ಕೇ ವೀಸಾ ಬಿಡಬೇಡಿ ಅಂತ ಒತ್ತಿ ಹೇಳುತ್ತಿರುವುದು.

ಇನ್ನೊಂದು ವಿಷಯ. ಪ್ರಶ್ನೆಯಲ್ಲಿ ನೀವು ಅವರ ಕಾಲೇಜು, ವಿಭಾಗ, ತಂದೆಯ ಹಳೆಯ ಇಲಾಖೆ ಎಲ್ಲ ಬರೆದಿದ್ದೀರಿ. ಇಷ್ಟು ಸಾಕು, ಗೊತ್ತಿದ್ದವರಿಗೆ ಅವರು ಯಾರು ಅಂತ ತಿಳಿಯುತ್ತದೆ. ಅವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ ಅಲ್ವಾ? ದಯವಿಟ್ಟು ಆ ಸಾಲುಗಳನ್ನು ಈಗಲೇ ಅಳಿಸಿ.