ಬಸ್ಸು ಅಂದ್ರೆ ಬರೀ ಪ್ರತ್ಯಯ

ಈ ಸಲದ ಪತ್ರಗಳಲ್ಲಿ ಮೂರು ಲ್ಯಾಟಿನ್ ಬಗ್ಗೇನೇ ಇದಾವೆ, ಮೂರೂ ಜನ ಮಾತಾಡ್ಕೊಂಡು ಬರ್ದಂಗೆ. ಇರ್ಲಿ, ಒಟ್ಟಿಗೇ ನೋಡಿಬಿಡಣ.

ಪ್ರಶ್ನೆ: ಸಾರ್, ಮೂಡಿಗೆರೆ ಹತ್ರ ನಮ್ದು ಸ್ವಲ್ಪ ಕಾಫಿ ತೋಟ. ಔಷಧಿ ಅಂಗಡಿಗೆ ಹೋದ್ರೆ ಇನ್ಸೆಕ್ಟಿಸೈಡು, ಫಂಗಿಸೈಡು, ವೀಡಿಸೈಡು ಅಂತಾರೆ. ಎಲ್ಲದಕ್ಕೂ ಸೈಡ್ ಯಾಕೆ, ಯಾವ ಸೈಡಿದು?

ಉತ್ತರ: ರೋಡ್ ಸೈಡಿನ ಸೈಡಲ್ಲ ಇದು. ಕಡಿಯೋದು, ಕೊಲ್ಲೋದು ಅನ್ನೋ ಲ್ಯಾಟಿನ್ ಕ್ರಿಯಾಪದದಿಂದ ಬಂದ ಬಾಲ. ಇನ್ಸೆಕ್ಟಿಸೈಡ್ ಹುಳ ಕೊಲ್ಲತ್ತೆ, ಫಂಗಿಸೈಡ್ ಬೂಷ್ಟು ಕೊಲ್ಲತ್ತೆ. ಡಿಸೈಡ್ ಕೂಡ ಇದೇ ಮನೆತನದ್ದು, ಕಡಿದು ಹಾಕೋದು ಅಂತ ಮೂಲ ಅರ್ಥ, ಕಡ್ಡಿ ತುಂಡು ಮಾಡ್ದಂಗೆ ಹೇಳ್ದ ಅಂತೀವಲ್ಲ ಹಂಗೆ. ವೀಡಿಸೈಡ್ ಮಾತ್ರ ಬೆರಕೆ, ವೀಡ್ ಇಂಗ್ಲಿಷಿಂದು ಬಾಲ ಲ್ಯಾಟಿನ್‌ದು. ನಕ್ಕೋಬೇಡಿ, ನಮ್ಮ ಪಾಲುದಾರನಲ್ಲೂ ಪಾಲು ನಮ್ದು, ದಾರ ಫಾರ್ಸಿದು.

ತೋಟದೋರು ಅಂದ್ರಲ್ಲ, ಇನ್ನೊಂದು ಕೇಳಿ. ಎಲೆ ತುಕ್ಕು ರೋಗ ತರೋ ಶಿಲೀಂಧ್ರಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಅಂತ ಹೆಸರು, ಸಿಲೋನಿನ ಕಾಫಿ ಎಲೆ ನೋಡಿ 1869ರಲ್ಲಿ ಬರ್ಕ್ಲಿ ಮತ್ತೆ ಬ್ರೂಮ್ ಅನ್ನೋರು ಇಟ್ಟಿದ್ದು. ಲ್ಯಾಟಿನಲ್ಲಿ ಕೆಲಸ ಮಾಡೋನಿಗೆ ಟಾರ್, ಮಾಡೋಳಿಗೆ ಟ್ರಿಕ್ಸ್, ನಮ್ಮ ಹಾಡುಗಾರ ಹಾಡುಗಾರ್ತಿ ಇದ್ದಂಗೆ. ಡಾಕ್ಟರ್ ಅಂದ್ರೆ ಕಲಿಸೋನು, ಟ್ರ್ಯಾಕ್ಟರ್ ಅಂದ್ರೆ ಎಳೆಯೋನು, ಈ ವಾಸ್ಟಾಟ್ರಿಕ್ಸ್ ಹಾಳು ಮಾಡೋಳು, ನಮ್ಮಜ್ಜಿ ಬಾಯಲ್ಲಾದ್ರೆ ಮನೆಹಾಳಿ. ಇಟ್ಟ ಹೆಸರಿಗೆ ತಕ್ಕಂಗೆ ಸಿಲೋನಿನ ಕಾಫೀನ ತೊಳೆದಾಕ್ತು, ಆಮೇಲೆ ಅಲ್ಲಿನೋರು ಟೀ ಹಿಡಿದ್ರು. ಕಾಫಿ ಕಾಯಿ ಕೊರೆಯೋ ಹುಳ ಕಾಯಿಕೊರಕದ ಹೆಸರು ಹೈಪೊಥೆನೆಮಸ್ ಹಾಂಪೆಯಿ, ಅದಕ್ಕೂ ನಮ್ಮ ಹಂಪಿಗೂ ಏನೂ ಸಂಬಂಧ ಇಲ್ಲ ಮಾರಾಯ್ರೇ, ಹಾಂಪೆ ಅನ್ನೋರ ಹೆಸರಿಗೆ ಷಷ್ಠಿ ವಿಭಕ್ತಿ ಹಚ್ಚಿ 'ಹಾಂಪೆಯ' ಅಂದಿದಾರೆ ಅಷ್ಟೇ.

ಪ್ರಶ್ನೆ: ಮಗಳು ಹಾಸನದಲ್ಲಿ ಸೆಕೆಂಡ್ ಪಿಯು, ನೀಟ್‌ಗೆ ಓದ್ತಿದಾಳೆ. ಗಿಡಗಳ ಸೈಂಟಿಫಿಕ್ ಹೆಸರು ರಾತ್ರಿ ಉರು ಹೊಡೀತಾಳೆ, ಬೆಳಗ್ಗೆ ಮರೀತಾಳೆ. ಏನಾದ್ರೂ ಉಪಾಯ ಹೇಳಿ.

ಉತ್ತರ: ಉರು ಬಿಡಿಸಿ, ಒಂದಿನ ಯಾರದಾದ್ರೂ ತೋಟಕ್ಕೆ ಕರ್ಕೊಂಡು ಹೋಗಿ. ಬೀಟೆ ಮರ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ: ಲ್ಯಾಟಿ ಅಗಲ, ಫೋಲಿಯಾ ಎಲೆ, ಅಗಲದೆಲೆಯೋಳು. ಮಾವು ಮ್ಯಾಂಜಿಫೆರಾ ಇಂಡಿಕಾ: ಫೆರಾ ಅಂದ್ರೆ ಹೊರೋಳು, ಇಂಡಿಕಾ ಇಂಡಿಯಾದೋಳು, ಈ ಇಕಾ ನಮ್ಮ ವೈದಿಕದ ಇಕಕ್ಕೆ ದೂರದ ನೆಂಟ. ಕಾಫಿಯ ಅರಾಬಿಕಾನೂ ಹಂಗೇ ಅರಬರ ನಾಡಿನೋಳು, 1753ರಲ್ಲಿ ಲಿನೇಯಸ್ ಅನ್ನೋ ಸಸ್ಯವಿಜ್ಞಾನಿ ಇಟ್ಟ ಹೆಸರು, ಗಿಡದ ತವರು ಮಾತ್ರ ಇಥಿಯೋಪಿಯಾ. ಕಾಳುಮೆಣಸು ಪೈಪರ್ ನೈಗ್ರಮ್, ಕಪ್ಪು. ಪೈಪರ್ ನಪುಂಸಕಲಿಂಗ, ಅದಕ್ಕೇ ನೈಗ್ರಾ ಅನ್ನದೆ ನೈಗ್ರಮ್ ಅಂದ್ರು, ನಾವು ಕರಿಯ, ಕರಿಯಳು ಬಿಟ್ಟು ಕರಿದು ಅಂದಂಗೆ. ಗಂಧ ಸ್ಯಾಂಟಲಮ್ ಆಲ್ಬಮ್, ಆಲ್ಬಮ್ ಅಂದ್ರೆ ಬಿಳಿದು, ರೋಮಿನಲ್ಲಿ ನೋಟಿಸ್ ಬರೀತಿದ್ದ ಬಿಳಿ ಹಲಗೆಗೂ ಆಲ್ಬಮ್ ಅಂತಿದ್ರು, ನಿಮ್ಮನೆ ಮದುವೆ ಆಲ್ಬಮ್ಮೂ ಅಲ್ಲಿಂದಾನೇ ಬಂದಿದ್ದು. ರೋಬಸ್ಟಾ ಅಂದ್ರೆ ಗಟ್ಟಿಮುಟ್ಟು, ಮೂಲಕ್ಕೆ ಹೋದ್ರೆ ಓಕ್ ಮರ. ನೆರಳಿಗೆ ಹಾಕೋ ಸಿಲ್ವರ್ ಓಕಿನ ಹೆಸರೂ ಗ್ರೆವಿಲಿಯಾ ರೋಬಸ್ಟಾ, ತಮಾಷೆ ಅಂದ್ರೆ ಅದು ಓಕೇ ಅಲ್ಲ, ಆಸ್ಟ್ರೇಲಿಯಾದ ಬೇರೆಯದೇ ಜಾತಿ. ಈ ಥರ ನಾಲ್ಕು ಬಾಲ ಕೈಗೆ ಸಿಕ್ರೆ ನಲವತ್ತು ಹೆಸರು ತಾವೇ ಹಿಂದೆ ಬರ್ತವೆ, ನೀಟ್ ರಿಸಲ್ಟಿಗೆ ಮಾತ್ರ ನಾನು ಜವಾಬ್ದಾರ ಅಲ್ಲ.

ಪ್ರಶ್ನೆ: ಬಸ್ ಲ್ಯಾಟಿನ್ ಪದ ಅಂತ ಮಗ ವಾದ ಮಾಡ್ತಾನೆ, ನಿಜಾನಾ? ಬೇಲೂರಿಂದ ಬರೀತಿದೀನಿ.

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ಸರಿ, ಯಾಕಂದ್ರೆ ಅದು ಪದಾನೇ ಅಲ್ಲ. ಓಮ್ನೆಸ್ ಅಂದ್ರೆ ಎಲ್ಲರು, ಓಮ್ನಿಬಸ್ ಅಂದ್ರೆ ಎಲ್ಲರಿಗೆ. ಫ್ರಾನ್ಸಿನಲ್ಲಿ 1820ರ ದಶಕದಲ್ಲಿ ಯಾರು ಬೇಕಾದ್ರೂ ಹತ್ತಬಹುದಾದ ಕುದುರೆ ಗಾಡಿಗೆ ಈ ಹೆಸರು ಬಿತ್ತು, 1829ಕ್ಕೆ ಲಂಡನ್ನಿಗೂ ಬಂತು, ಇಂಗ್ಲಿಷಿನೋರು ಉದ್ದ ಆಯ್ತು ಅಂತ ತಲೆ ಕತ್ತರಿಸಿ ಬಾಲ ಇಟ್ಕೊಂಡ್ರು. ಚತುರ್ಥಿ ವಿಭಕ್ತಿ ಸ್ವಾಮಿ ಅದು, ನಮ್ಮ 'ರಿಗೆ' ಇದೆಯಲ್ಲ ಅದು. ಹಾಸನದ ಬಸ್ ಸ್ಟ್ಯಾಂಡಲ್ಲಿ ಬ್ಯಾಗ್ ಹಿಡ್ಕೊಂಡು ಓಡಿ ಬಂದು "ಬೇಲೂರು ಬಸ್ ಹೋಯ್ತಾ" ಅಂತ ಕೇಳ್ತೀರಲ್ಲ, ಲ್ಯಾಟಿನ್ ಲೆಕ್ಕದಲ್ಲಿ ನೀವು ಕೇಳಿದ್ದು "ಬೇಲೂರು ರಿಗೆ ಹೋಯ್ತಾ". ಕಂಡಕ್ಟರ್ ಮಾತ್ರ ಮೇಲೆ ಹೇಳಿದ ಟಾರ್ ಗುಂಪಿನೋರು, ಕರ್ಕೊಂಡು ಹೋಗೋನು ಅಂತ ಅರ್ಥ. ಚಿಲ್ರೆ ಕೊಡೋನು ಅಂತ ಲ್ಯಾಟಿನಲ್ಲೂ ಇಲ್ಲ.