ಕಬಿನಿಯ ಈ ದಡದ ಪಂಚಾಯ್ತಿ, ಆ ದಡದ ಪಂಚಾಯ್ತಿ

ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಪಂಚಾಯ್ತಿಗೆ ಅಧಿಕಾರ ಕೊಟ್ಟು ಇಷ್ಟು ವರ್ಷವಾಯಿತು, ಆದರೂ ನಿಮ್ಮ ಕಡೆ ಗ್ರಾಮಸಭೆಗೆ ಜನ ಯಾಕೆ ಬರುವುದಿಲ್ಲ ಅಂತ. ಎಚ್.ಡಿ. ಕೋಟೆ ತಾಲೂಕಿನ ಗಡಿಯಲ್ಲಿ ಬದುಕುವ ನನಗೆ ಕಾಣುವುದು ಇಷ್ಟು: ನಮ್ಮ ಜನ ಸೋಮಾರಿಗಳಲ್ಲ. ಆ ಸಭೆಯಲ್ಲಿ ಕೂತು ತಾವೇ ತೀರ್ಮಾನ ಮಾಡುವಂಥ ದುಡ್ಡು ತುಂಬಾ ಕಡಿಮೆ.

ಮೊದಲು ಜಾಗ ಹೇಳಿಬಿಡುತ್ತೇನೆ. ನಾಗರಹೊಳೆ ಕಾಡು ದಾಟಿ ಬಂದರೆ ಬೈರಕುಪ್ಪೆ. ಅಲ್ಲೇ ಕಬಿನಿ. ಹೊಳೆಯ ಆಚೆ ಪೆರಿಕ್ಕಲ್ಲೂರು, ಅದು ಕೇರಳದ ವಯನಾಡು. ದೋಣಿ ಹತ್ತಿದರೆ ಇನ್ನೊಂದು ರಾಜ್ಯ. ಬಾವಲಿ ಕಡೆಯ ಕಾಡಿನ ರಸ್ತೆಯಲ್ಲಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಮೈಸೂರು ದೂರ, ಆ ದಡ ಹತ್ತಿರ. ಕಾಫಿ ತೋಟದ ಕೂಲಿಗೆ, ಸಾಮಾನಿಗೆ, ಆಸ್ಪತ್ರೆಗೆ ನಮ್ಮವರು ಹೊಳೆ ದಾಟುತ್ತಾರೆ. ಆ ಕಡೆಯವರು ಶುಂಠಿ ಬೆಳೆಯಲು ನಮ್ಮ ತಾಲೂಕಿನ ಜಮೀನನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಹೀಗೆ ಹೋಗಿ ಬಂದು ಮಾಡುವವರಿಗೆ ಎರಡು ಪಂಚಾಯ್ತಿಗಳ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ.

ಒಂದು ಉದಾಹರಣೆ. ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳದಲ್ಲಿ ವೃತ್ತಿ ತೆರಿಗೆ ಹಿಡಿಯುತ್ತಾರೆ ಅಲ್ವಾ? ನಮ್ಮ ಕಡೆ ಅದು ನೇರ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಹೊಳೆಯಾಚೆ ಅದೇ ತೆರಿಗೆಯನ್ನು ಗ್ರಾಮ ಪಂಚಾಯ್ತಿಯೇ ವಸೂಲಿ ಮಾಡುತ್ತದೆ, ತನ್ನ ಊರಿಗೇ ಖರ್ಚು ಮಾಡುತ್ತದೆ. ಸಂವಿಧಾನದ 276ನೇ ವಿಧಿ ಇದಕ್ಕೆ ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಮೊತ್ತ ದೊಡ್ಡದಲ್ಲ. ಆದರೆ ಅದು ಪಂಚಾಯ್ತಿಯ ಸ್ವಂತ ದುಡ್ಡು. ಯಾರನ್ನೂ ಕೇಳಿ ಪಡೆಯಬೇಕಾಗಿಲ್ಲ.

ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಕೃಷಿ ಭವನ ಎಲ್ಲವೂ ಗ್ರಾಮ ಪಂಚಾಯ್ತಿಯ ಕೈಕೆಳಗೆ ಬರುತ್ತವೆ. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಜನರೇ ಹಾಕಿಕೊಳ್ಳುವ ಪದ್ಧತಿ, ಶುರು ಮಾಡಿದಾಗ ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಯಾವ ಪಂಚಾಯ್ತಿಗೆ ಎಷ್ಟು ಅನ್ನುವುದು ಬಜೆಟ್ ಜೊತೆಗೇ ಅಚ್ಚಾಗಿ ಬರುತ್ತದೆ. ಷರತ್ತುಗಳು ಅಲ್ಲೂ ಇವೆ. ಖಜಾನೆ ಬರಿದಾದ ವರ್ಷ ಬಿಲ್ಲುಗಳು ಅಲ್ಲೂ ಸಾಲುಗಟ್ಟಿ ನಿಲ್ಲುತ್ತವೆ. ಆದರೂ ಇಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಸಭೆಯಲ್ಲಿ ಜಗಳ ಆಡುವುದಕ್ಕೂ ಅರ್ಥವಿರುತ್ತದೆ.

ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ, ಯಾಕೆಂದರೆ ಮೊದಲು ಹೆಜ್ಜೆ ಇಟ್ಟವರು ನಾವು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ತಂದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ಶೇ. 25ರಷ್ಟು ಮೀಸಲಾತಿ ಇತ್ತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ಆರು ವರ್ಷ ಆದಮೇಲೆ. ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯದ ಸಂಸ್ಥೆ ಇಂದಿಗೂ ಮೈಸೂರಿನಲ್ಲೇ ಇದೆ, ನಜೀರ್ ಸಾಬರ ಹೆಸರಿನಲ್ಲೇ. ಆದರೆ ಮುಂದೆ ಏನಾಯಿತು? 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ ಮುಗಿಯಿತು. ಚುನಾವಣೆ ಮಾತ್ರ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆರಿಸಿ ಬಂದವರಿಲ್ಲದ ಜಾಗದಲ್ಲಿ ಅಧಿಕಾರಿಗಳೇ ಲೆಕ್ಕ ನೋಡುತ್ತಾರೆ. ಇದು ತಪ್ಪು.

ಗ್ರಾಮ ಪಂಚಾಯ್ತಿಗೆ ಬರುವ ದುಡ್ಡಿಗೆ ಬರುವಾಗಲೇ ಹೆಸರು ಹಚ್ಚಿರುತ್ತಾರೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಅದರಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40 ಮಾತ್ರ ಊರಿನ ಇಷ್ಟಕ್ಕೆ. ನೀರು ಬೇಡ ಅನ್ನುತ್ತಿಲ್ಲ. ಆದರೆ ಕಾಡಂಚಿನ ಊರಿಗೆ ರಾತ್ರಿ ಆನೆ ಬಂದರೆ ಕಾಣುವಂತೆ ಬೀದಿದೀಪ ಬೇಕು. ಮಳೆಗಾಲದಲ್ಲಿ ಆದಿವಾಸಿಗಳ ಹಾಡಿಗೆ ಹೋಗುವ ದಾರಿ ಬೇಕು. ರಾಜ್ಯ ಕೊಡುವ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೆ, ಸಿಬ್ಬಂದಿ ಸಂಬಳಕ್ಕೆ ಹೋಗುತ್ತದೆ.

ಹಾಗಾದರೆ ಕಂದಾಯ ಜಾಸ್ತಿ ಮಾಡಿ ಅಂತ ನೀವು ಹೇಳಬಹುದು. ಪಟ್ಟಣದ ಹತ್ತಿರದ ಪಂಚಾಯ್ತಿಗೆ ಅದು ಸರಿ. ಲೇಔಟ್, ಕಾರ್ಖಾನೆ, ಕಲ್ಯಾಣ ಮಂಟಪ ಎಲ್ಲ ಇರುತ್ತವೆ. ನಮ್ಮಲ್ಲಿ ಸುತ್ತ ಕಾಡು. ಕಾಡಿಗೆ ಮನೆ ಕಂದಾಯ ಹಾಕಲು ಆಗುವುದಿಲ್ಲ. ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಲ್ಲಿ ಎಷ್ಟೋ ಮನೆಗಳಿಗೆ ಹಕ್ಕುಪತ್ರವೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಟ್ಟ ಅರ್ಜಿ ಹಿಡಿದು ಕಾಯುತ್ತಿರುವವರ ಹತ್ತಿರ ಬಿಲ್ ಕಲೆಕ್ಟರ್ ಏನು ಕೇಳಬೇಕು? ಕಾಡು ಉಳಿದರೆ ಕಬಿನಿಯ ನೀರು ಕೆಳಗಿನ ಊರುಗಳಿಗೆಲ್ಲ ಸಿಗುತ್ತದೆ. ಆ ಕಾಡಂಚಿನ ಪಂಚಾಯ್ತಿಗೆ ಅದಕ್ಕಾಗಿ ಒಂದಿಷ್ಟು ಹೆಚ್ಚು ಅನುದಾನ ಕೊಡಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಕಾಡು ಇರುವ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ಕೇಂದ್ರದ ಆಯೋಗ ಕಾಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದೇ ಲೆಕ್ಕ ಬೆಂಗಳೂರಿನಿಂದ ಊರಿನವರೆಗೂ ಇಳಿಯಲಿ.

ಇದನ್ನೆಲ್ಲ ಕಣ್ಣಾರೆ ನೋಡಬೇಕಿದ್ದರೆ ಸುಮ್ನೆ ಗ್ರಾಮಸಭೆಗೆ ಬರಬೇಡಿ, ಜಮಾಬಂದಿ ದಿನ ಬನ್ನಿ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಪ್ರತಿ ಪಂಚಾಯ್ತಿಯಲ್ಲಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದುತ್ತಾರೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಲೆಕ್ಕದ ಪುಸ್ತಕ ಕೇಳಿ. ಯಾವ ಅನುದಾನ ಯಾವುದಕ್ಕೆ ಕಟ್ಟುಬಿದ್ದಿದೆ, ಊರಿನವರು ತಾವೇ ತೀರ್ಮಾನಿಸಿದ್ದು ಎಷ್ಟು ಅಂತ ಬೇರೆ ಬೇರೆ ಕೂಡಿ ನೋಡಿ. ಆಮೇಲೆ ದೋಣಿ ಹತ್ತಿ ಆಚೆ ದಡಕ್ಕೂ ಹೋಗಿ, ಅದೇ ಲೆಕ್ಕ ಕೇಳಿ.